ಹನ್ನೊಂದನೆಯ ಚೀಟಿ

ಟಾವೆಟ್‌ಗೆ ಶುಕ್ರವಾರದೊಳಗೆ ಒಂದೇ ಒಂದು ಸಂಖ್ಯೆ ಬೇಕು,
ಮೇಲಿನವರಿಗೆ ತೋರಿಸಲು.
ಉರ್ವೆ ಬಳಿ ಇದೆ: ಮೂರು ಮಿಲಿಸೆಕೆಂಡು.
ಟಾಲಿನ್ ಬಂದರಿನೆದುರು, ನಾಲ್ಕನೆಯ ಮಹಡಿ,
ಮಧ್ಯಾಹ್ನ ಮೂರೂವರೆಗೇ ಕತ್ತಲೆ.
ಮೂರು ಮಿಲಿಸೆಕೆಂಡು. ಚೆಂದದ ಸಂಖ್ಯೆ. ಸುಳ್ಳು.

ಯಾಕೆಂದರೆ ಹಡಗಿನ ಟಿಕೆಟ್ ಕೊಡುವ ಸೇವೆ
ಹಣ ಎಣಿಸುವ ಸೇವೆಯನ್ನು ಕೂಗುತ್ತದೆ,
ಓಗೊಡುವ ತನಕ ಕಾಯುವುದಿಲ್ಲ;
ಕೂಗಿದ್ದೇ ತಡ, ಬೆನ್ನು ತಿರುಗಿಸಿ
ಮುಂದಿನ ಗಿರಾಕಿಗೆ ಬನ್ನಿ ಅನ್ನುತ್ತದೆ.
ಅವಳ ಗಡಿಯಾರ ಅಳೆದದ್ದು ಅಷ್ಟನ್ನೇ,
ಬೆನ್ನು ತಿರುಗಿಸಲು ಹಿಡಿದ ಹೊತ್ತು.

ಸರಿ, ಪ್ರತಿ ಕರೆಗೂ ಒಂದು ಗುರುತು ಕಟ್ಟಿದಳು,
ಕುರಿಯ ಕಿವಿಗೆ ಬಿಲ್ಲೆ ಚುಚ್ಚಿದ ಹಾಗೆ.
ಹೊರಟಾಗ ಒಂದು ಗೆರೆ, ಮುಟ್ಟಿದಾಗ ಇನ್ನೊಂದು.
ನೋಡಿದರೆ, ಕೆಲವು ಉತ್ತರಗಳು
ಪ್ರಶ್ನೆ ಹೊರಡುವ ಮೊದಲೇ ಬಂದು ಕೂತಿವೆ!
ಎರಡು ಯಂತ್ರ, ಎರಡು ಗಡಿಯಾರ,
ಎರಡಕ್ಕೂ ತನ್ನದೇ ಸರಿ.
ಸಿಟ್ಟು ಬರಲಿಲ್ಲ. ನಗು ಬಂತು. ಕಾಫಿ ತಣ್ಣಗಾಗಿತ್ತು.

ಅಮ್ಮ ಹೆಲ್ಯು ಮಂಜುಗಡ್ಡೆಯ ರಸ್ತೆಯ ಕಾವಲಿನವಳು.
ಕಡಲು ಹೆಪ್ಪುಗಟ್ಟಿದ ವರ್ಷಗಳಲ್ಲಿ
ರೋಹುಕ್ಯುಲಾದಿಂದ ಹಿಯುಮಾ ದ್ವೀಪಕ್ಕೆ
ಕಾರುಗಳನ್ನು ಒಂದೊಂದಾಗಿ ಬಿಡುವಳು.
ಬೆಲ್ಟು ಬಿಚ್ಚಿ, ನಡುವೆ ನಿಲ್ಲಬೇಡಿ.
ಒಂದೊಂದಕ್ಕೂ ಒಂದು ಚೀಟಿ.
ಆಚೆ ಕರೆಯಲ್ಲಿ ಎಂಡೆಲ್ ಬರೆದುಕೊಳ್ಳುವನು.
(ಹಳಗನ್ನಡದಲ್ಲಿ ದಡಕ್ಕೂ ಕರೆ ಎನ್ನುತ್ತಾರೆ;
ಉರ್ವೆಗೆ ಅದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.)
ಸಂಜೆ ಫೋನಿನಲ್ಲಿ ಅಮ್ಮನ ಮೊದಲ ಮಾತು
ಚೆನ್ನಾಗಿದ್ದೀಯಾ ಅಲ್ಲ,
ನಿನ್ನ ಗೋಡೆಯಲ್ಲಿ ಈಗೆಷ್ಟು?
ಆಮೇಲೆ ಲೆಕ್ಕ.

ಒಂದು ದಿನ ಹನ್ನೊಂದು ಹೊರಟಿದ್ದವು.
ಎಂಡೆಲ್ ಹೇಳಿದ: ಇವತ್ತು ಪರವಾಗಿಲ್ಲ,
ಸರಾಸರಿ ಅರ್ಧ ಗಂಟೆ, ಹತ್ತಕ್ಕೆ ಹತ್ತೂ.
ಬಾರದವನು ಸರಾಸರಿಗೆ ಸೇರುವುದಿಲ್ಲ.
ಅಮ್ಮ ಫೋನಿಡಲಿಲ್ಲ, ಬಿಟ್ಟಳು;
ಅದು ತಂತಿಯಲ್ಲಿ ತೂಗಾಡುತ್ತಲೇ ಇತ್ತು,
ಒಳಗಿಂದ ಎಂಡೆಲ್ ಹಲೋ ಹಲೋ ಅನ್ನುತ್ತ.
ಕಿಟಕಿಯಲ್ಲಿ ಏಳು ವರ್ಷದ ಉರ್ವೆ,
ಕತ್ತಲೆಯೊಳಗೆ ಸಣ್ಣದಾಗುತ್ತ ಹೋದ ಟಾರ್ಚು.

ಸಿಕ್ಕಿದ. ನಟ್ಟನಡು ಕಡಲಿನಲ್ಲಿ ತೂತು ಕೊರೆದು
ಮೀನು ಹಿಡಿಯುತ್ತ ಕೂತಿದ್ದನಂತೆ, ಬಕೆಟ್ಟಿನಲ್ಲಿ ಮೂರು.
ಅಮ್ಮ ಅವನ ಟೋಪಿ ಕಿತ್ತೆಸೆದಳು,
ತಾನೇ ಹೆಕ್ಕಿ, ಕೊಡವಿ, ತಲೆಗಿಟ್ಟಳು.

ಉರ್ವೆ ಪಟ್ಟಿಯ ಬಾಲಕ್ಕೆ ಇಳಿದಳು.
ಮೂವತ್ತು ಸೆಕೆಂಡು ಕಾದು ಕೈಬಿಟ್ಟ ಕರೆಗಳು
ಯಾವ ಕಾಲಮ್ಮಿನಲ್ಲೂ ಇಲ್ಲ.
ಹೆಕ್ಕಿದಳು: ನಲವತ್ತೊಂದು.
ಅದರಲ್ಲೊಂದು, ನಿನ್ನೆ ಬೆಳಗಿನ ಹಡಗು,
ಒಂದು ವ್ಯಾನು, ಎರಡು ಸೀಟು;
ಹಣ ಹೋಗಿದೆ, ಟಿಕೆಟ್ ಬಂದಿಲ್ಲ.
ಯಾರೋ ದಡದಲ್ಲಿ ನಿಂತಿದ್ದಾರೆ.

ಎಲ್ಲ ಬರೆದಳು: ಹೊರಟವೆಷ್ಟು, ಮುಟ್ಟಿದವೆಷ್ಟು,
ನಡುವೆ ಉಳಿದವೆಷ್ಟು, ಯಾವ ಗಡಿಯಾರ ಎಷ್ಟು ಮುಂದೆ.
ಎರಡು ಪುಟವಾಯಿತು. ಟಾವೆಟ್‌ಗೆ ಕಳಿಸಿದಳು.

ಎರಡೇ ಸೆಕೆಂಡಿಗೆ ಉತ್ತರ: ಸರಿ.

ಓದಿರಲಿಕ್ಕಿಲ್ಲ.