ಅರ್ಧ ಕಿಲೋ

ಪ್ರತಿ ತಿಂಗಳ ಮೊದಲ ಶನಿವಾರ
ಆರೋಗ್ಯ ಸಮಿತಿಯ ನಡಾವಳಿ ಬರೆಯುವವ ನಾನು.
ಪಂಚಾಯಿತಿಯಲ್ಲಿ ನನ್ನ ಕೆಲಸ ಕರವಸೂಲಿ,
ಅಕ್ಷರ ದುಂಡಗಿವೆ ಎಂದು ಈ ಪುಸ್ತಕವೂ ನನ್ನ ಪಾಲಿಗೆ.

ಅದರ ಭಾಷೆಯೇ ಬೇರೆ.
ಅಲ್ಲಿ ಯಾರೂ ಏನೂ ಮಾಡುವುದಿಲ್ಲ.
ಸದಸ್ಯರನ್ನು ಸ್ವಾಗತಿಸಲಾಯಿತು, ವರದಿ ಓದಲಾಯಿತು,
ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಲಾಯಿತು.
ಚಹಾ ಕುಡಿಯಲಾಯಿತು ಎಂಬುದೊಂದೇ ಬರೆದಿಲ್ಲ.
ಪ್ರತಿ ಪುಟದ ನಾಲ್ಕನೇ ಸಾಲು:
ಗ್ರಾಮದಲ್ಲಿ ತೂಕ ಕಡಿಮೆ ಇರುವ ಮಕ್ಕಳು ಇರುವುದಿಲ್ಲ.
ಹತ್ತೊಂಬತ್ತು ತಿಂಗಳು ಅದನ್ನೇ ಬರೆದೆ,
ಬರೆಯುತ್ತ ಬರೆಯುತ್ತ ನಂಬಿಯೂ ಬಿಟ್ಟೆ.

ಇಪ್ಪತ್ತನೇ ತಿಂಗಳು
ಎರಡನೇ ವಾರ್ಡಿನ ಮೆಂಬರ್ ಮಲಕಮ್ಮ ಬಂದಳು.
ಅಲ್ಲಿತನಕ ಆಕೆಯ ಹೆಬ್ಬೆಟ್ಟಿಗೆಂದು
ಪುಸ್ತಕವೇ ಆಕೆಯ ಮನೆಗೆ ಹೋಗಿ ಬರುತ್ತಿತ್ತು.
ವಡಗೇರಾದ ಸಂತೆ ಮುಗಿಸಿ ನೇರ ಬಂದವಳು,
ಬುಟ್ಟಿಯಲ್ಲಿ ತಕ್ಕಡಿ, ಕಲ್ಲು, ಭೀಮೆಯ ಮೀನಿನ ವಾಸನೆ.
ಅಧ್ಯಕ್ಷರು ಕಿಟಕಿ ತೆರೆಸಿದರು.
(ತೆರೆಸಲಾಯಿತು.)

ವರದಿಗೆ ಆಕೆ ಕಿವಿ ಕೊಡಲಿಲ್ಲ.
ಮೂಲೆಯಲ್ಲಿ ಅಂಗನವಾಡಿಯ ತೂಕದ ಯಂತ್ರ ನೇತಾಡುತ್ತಿತ್ತು,
ಅದರ ಜೋಲಿಯನ್ನೇ ನೋಡುತ್ತಿದ್ದಳು.
ದಪ್ಪ ತಾಡಪತ್ರಿ, ಮರದ ಅಡ್ಡಪಟ್ಟಿ, ಎರಡು ಕಬ್ಬಿಣದ ಕೊಂಡಿ.
ಎದ್ದು ಹೋಗಿ ತನ್ನ ಐದು ಕಿಲೋ ಕಲ್ಲನ್ನು
ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿ ಅದರಲ್ಲಿ ಮಲಗಿಸಿದಳು.

ಮುಳ್ಳು ಐದೂವರೆಗೆ ಹೋಗಿ ನಿಂತಿತು.

ಯಾರೂ ಮಾತಾಡಲಿಲ್ಲ. ಫ್ಯಾನು ಕೂಡ; ಕರೆಂಟು ಇರಲಿಲ್ಲ.

"ಬುಟ್ಟಿ ತೂಕ ತೆಗೀದೆ ಮೀನ ತೂಗಿದ್ರ
ಸಂತ್ಯಾಗ ನನ್ನ ಕೂದ್ಲ ಹಿಡೀತಾರ್ರಿ.
ನೀವು ಕೂಸಿನ ಲೆಕ್ಕದಾಗ ಜೋಲಿ ತೂಗ್ಲತ್ತೀರಿ.
ನನ್ನ ಕಲ್ಲಿಗಿ ವರ್ಷಾ ಯಾದಗಿರಿಗಿ ಹೋಗಿ
ರೊಕ್ಕ ಕೊಟ್ಟು ಸರಕಾರದ ಮುದ್ರಿ ಹೊಡಿಸ್ಕೊಂಡು ಬರ್ತೀನಿ.
ಇದಕ್ಕ ಮುದ್ರಿ ಹೊಡ್ಯಾವ್ರು ಯಾರ್ರಿ?"

ನಾವು. ಸಮಿತಿ ಎಂದರೆ ಅದೇ.
ಆದರೂ ಎಲ್ಲರೂ ಜಗದೇವಿ ಟೀಚರನ್ನು ನೋಡಿದೆವು.

"ಹಳೇ ಜೋಲಿ ಹರದು ಎರಡು ವರ್ಷ ಆತು.
ಮೂರು ಅರ್ಜಿ ಕೊಟ್ಟೀನಿ.
ಕೂಸು ಬಿದ್ದೀತಂತ ನಾನೇ ಹೊಲದೀನಿ, ಗಟ್ಟಿ ಇರ್ಲಿ ಅಂತ."
ಹೌದು, ಮೂರೂ ಈ ಪುಸ್ತಕದಲ್ಲಿವೆ.
ಪರಿಗಣಿಸಲಾಯಿತು. ಪರಿಗಣಿಸಲಾಯಿತು.
ಮುಂದಿನ ಸಭೆಗೆ ಮುಂದೂಡಲಾಯಿತು.
ಬರಹ ನನ್ನದೇ, ದುಂಡಗೆ.

ಆಮೇಲೆ ಹೊತ್ತು ಮುಳುಗುವತನಕ ರಿಜಿಸ್ಟರು ತೆರೆದು
ಒಂದೊಂದು ಹೆಸರಿನಿಂದ ಅರ್ಧ ಕಿಲೋ ಕಳೆದೆವು.
ಕೆಲವರಿಗೆ ಏನೂ ಆಗಲಿಲ್ಲ, ಗೆರೆಯ ಮೇಲೇ ಉಳಿದರು.
ಇಮಾಮ್‌ಬಿಯ ಅವಳಿ ಇಳಿದವು, ಎರಡೂ.
ಇಟ್ಟಂಗಿ ಭಟ್ಟಿಯ ಕಡೆಯ ಮೂವರು.
ಇನ್ನೂ ಹೆಸರಿಡದ ಒಂದು.
ಹನ್ನೊಂದನೆಯದು ನನ್ನ ತಂಗಿಯ ಮಗಳು ರೇವಮ್ಮ.
"ಎಷ್ಟ ಹಗುರ ಇದ್ದಿ ಅವ್ವೀ" ಎಂದು ನಗುತ್ತ
ಗಾಳಿಗೆ ಎತ್ತಿ ಆಡಿಸಿದ್ದು
ಪೆನ್ನು ಹಿಡಿದ ಇದೇ ಕೈ.

ಅಧ್ಯಕ್ಷರು ಹೇಳಿದರು, "ಜಿಲ್ಲಾದಾಗ ನಮ್ಮೂರ ಹೆಸರು ಚಲೋ ಅದ.
ನ್ಯೂನತೆ ಗಮನಿಸಲಾಯಿತು ಅಂತ ಬರಿ, ಸಾಕು."
ಬರೆದೆ. 'ಗಮನಿಸ'ದ ತನಕ ಬಂದು
ಕೈ ಮುಂದೆ ಹೋಗಲಿಲ್ಲ.
ಅಡ್ಡಗೆರೆ ಎಳೆದು ಕೆಳಗೆ ಬರೆದೆ:
ಮಲಕಮ್ಮ ತೂಗಿದಳು.
ಹನ್ನೊಂದು ಮಕ್ಕಳು ಇದ್ದಾರೆ.
ನಾವು ನೋಡಿರಲಿಲ್ಲ.
ಆಮೇಲೆ ಹೆಸರುಗಳು. ಕೊನೆಯದು ಅಷ್ಟು ದುಂಡಗೆ ಬಂದಿಲ್ಲ.

ಅಧ್ಯಕ್ಷರು ಸಹಿಗೆ ಇನ್ನೂ ಕನ್ನಡಕ ಹುಡುಕುತ್ತಿದ್ದರು,
ಮಲಕಮ್ಮ ಹೆಬ್ಬೆಟ್ಟು ಒತ್ತಿ, ಕಲ್ಲು ಎತ್ತಿಕೊಂಡು ಹೊರಟಳು.
ಒತ್ತಿದ ಜಾಗದಲ್ಲಿ, ಶಾಯಿಯ ನಡುವೆ,
ಮೀನಿನ ಒಂದು ಹುರುಪೆ ಅಂಟಿತ್ತು.
ಉಗುರಿನಿಂದ ಕೆತ್ತಬೇಕೆಂದುಕೊಂಡೆ.
ಇನ್ನೂ ಅಲ್ಲೇ ಅದ.