ಒಂದು ಹಿಡಿ ಹತ್ತಿ

ಮಸೇರು. ಹೋಟೆಲ್ಲಿನ ಮೂರನೇ ಮಹಡಿ.
ನೀರಿನ ಬಾಟಲಿ, ಪೆಪ್ಪರಮಿಂಟು, ಹೆಸರಿನ ಚೀಟಿ:
ಮೊಲಿಯೆಹಿ ಸೆಖೊಟೊ, ಅಧ್ಯಕ್ಷೆ, ಕರಡು ಸಮಿತಿ.
ಹಿಂದೊಮ್ಮೆ ಇದೇ ಕೋಣೆಯಲ್ಲಿ
ಊಟಕ್ಕೆ ಮುಂಚೆ ಹತ್ತು ನಿಮಿಷ ಕತೆ ಹೇಳಿ, ಅತ್ತು,
ಚಪ್ಪಾಳೆ ಕಟ್ಟಿಕೊಂಡು ಬಸ್ಸು ಹತ್ತಿದವಳು ನಾನೇ.
ಈ ಸಲ ಅಳುವಂತಿಲ್ಲ. ಸಹಿ ಹಾಕಬೇಕು.

ರಾಷ್ಟ್ರೀಯ ಮಾರ್ಗಸೂಚಿ, ಎನ್ನುತ್ತದೆ ಪರದೆ.
ನಮ್ಮ ಮೊಖೊಟ್ಲೊಂಗಿನಲ್ಲಿ ಹಿಮ ಬಿದ್ದ ದಿನ
ಮಾರ್ಗ ಗೊತ್ತಿರುವುದು ಕುದುರೆಗೆ ಮಾತ್ರ.
ಲಗಾಮು ಸಡಿಲ ಬಿಟ್ಟು ಕೂರುತ್ತಿದ್ದಳು ಖೊಪೊತ್ಸೊ,
ಕಂಬಳಿಗೆ ದೊಡ್ಡ ಪಿನ್ನು ಚುಚ್ಚಿ,
ಎದೆಗೆ ಏಳು ಜನರ ಕಾರ್ಡು ಅವುಚಿ.
ಏಳು ಜನರ ಮಾತ್ರೆ ಒಬ್ಬರೇ ತರುವ ಸರದಿ:
ಹೊಳೆ ಬಂದ ವರ್ಷ ಒಬ್ಬನನ್ನು ಹೂತು,
ಪೀಚ್ ಮರದ ಕೆಳಗೆ ಕೂತು
ನಾವು ನಾವೇ ಕಟ್ಟಿಕೊಂಡ ಕಟ್ಟಳೆ.
ಕರಡಿನಲ್ಲಿ ಅದಕ್ಕೀಗ ಉದ್ದದ ಹೆಸರು,
ಪುಟ ಇಪ್ಪತ್ತೊಂದು, ಬಾಣಗಳಿರುವ ಚಿತ್ರ.
ಚಿತ್ರದಲ್ಲಿ ಕುದುರೆ ಇಲ್ಲ.

ಖೊಪೊತ್ಸೊ ಕಲಿಸಿದ್ದು ಇನ್ನೊಂದಿತ್ತು:
ಡಬ್ಬಿಯೊಳಗೆ, ಮಾತ್ರೆಗಳ ಮೇಲೆ, ಒಂದು ಹಿಡಿ ಹತ್ತಿ.
ಇಲ್ಲವಾದರೆ ಟ್ಯಾಕ್ಸಿಯಲ್ಲಿ
ಹದಿನೈದು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಲ್ಲಿ
ರಸ್ತೆಯ ಒಂದೊಂದು ಗುಂಡಿಗೂ ಚೀಲ ಗಿಲಕಿಯಾಗುತ್ತದೆ.
ಮಡಿಲಲ್ಲಿ ಕೂಸಿಲ್ಲದ ಗಿಲಕಿ ಯಾರದೆಂದು
ಎಲ್ಲರೂ ಬಲ್ಲರು.
ಹತ್ತಿ ಸಿಗದವರು ಕಂಬಳಿಯ ನೂಲು ಕಿತ್ತರು,
ದರ್ಜಿಯ ಅಂಗಡಿಯ ಚಿಂದಿ ಆಯ್ದರು.
ಗಣಿಯಿಂದ ಮರಳಿದ ಮೊಹಾಪಿ
ಮೆಕ್ಕೆಜೋಳದ ಹಿಟ್ಟಿನಲ್ಲಿ ಡಬ್ಬಿ ಹೂತಿಟ್ಟ.
ಗಂಜಿ ತೊಳಸುವ ಹೆಂಡತಿಯ ಕೈಗೆ ಸಿಕ್ಕಿತು ಅದು.
ಅವಳು ಏನೂ ಅನ್ನದೆ ಹೋಗಿ
ಉಪ್ಪಿನ ಮಡಕೆಯಿಂದ ತನ್ನದನ್ನು ತಂದಿಟ್ಟಳು.
ಇಬ್ಬರೂ ನಕ್ಕ ನಗೆಗೆ
ಜಗಳವೆಂದು ನೆರೆಯವರು ಎದ್ದು ಬಂದರಂತೆ.

ಮಧ್ಯಾಹ್ನ ಎರಡೂವರೆಗೆ ಕಲಂ ಆರು: ಕಳಂಕ ನಿವಾರಣೆ.
ಹೊರಗಿಂದ ಬಂದ ಸಲಹೆಗಾರರು ಸಂಭಾವಿತರು,
ನನ್ನ ಹೆಸರನ್ನು ಮೂರು ಸಲ ನಾಲಗೆಗೆ ರೂಢಿಸಿ ಕರೆದರು:
ಕಡಿಮೆಯಾಯಿತೆಂದು ತಿಳಿಯುವುದು ಹೇಗೆ, ಮೇಡಂ?
ಅಳೆಯಲು ಏನಾದರೂ ಬೇಕಲ್ಲ.
ಬೇಕು. ಸೇರು ಇಲ್ಲದೆ ಕಾಳು ಕೊಡುವವರಾರು.
ಸದ್ದು, ಎಂದೆ.
ಟ್ಯಾಕ್ಸಿ ಗುಂಡಿಗೆ ಇಳಿದಾಗ
ಯಾರದೋ ಚೀಲದಲ್ಲಿ ಮಾತ್ರೆಯ ಸದ್ದಾಗಬೇಕು,
ಯಾರೂ ತಿರುಗಿ ನೋಡಬಾರದು. ಅಷ್ಟೇ.
ಎಷ್ಟು ಸದ್ದು? ಎಂದರು, ಪೆನ್ನು ಹಿಡಿದು.
ನಗಲಿಲ್ಲ. ಅದು ನನಗೆ ಹಿಡಿಸಿತು.
ಕಿವಿಗೆ ಹತ್ತಿಯಿಟ್ಟುಕೊಂಡು ಕೂತ ಸಭೆಗಳನ್ನು
ಬೇಕಾದಷ್ಟು ನೋಡಿದ್ದೇನೆ.

ಸಂಜೆಯ ಟ್ಯಾಕ್ಸಿಯಲ್ಲಿ ಅಕಾರ್ಡಿಯನ್ನಿನ ಹಾಡು.
ಬೆಟ್ಟ ಏರುವಾಗ ಚಾಲಕ ಅದನ್ನು ಆರಿಸಿದ.
ಗುಂಡಿಗಳು ಶುರುವಾದವು.
ಚೀಲ ನನ್ನ ತೊಡೆಯ ಮೇಲೆ.
ಏನೂ ಕೇಳಲಿಲ್ಲ.

ಹದಿನಾರು ವರ್ಷದ ರೂಢಿ. ಊರಿಂದ ಹೊರಡುವಾಗ ಕೈ
ನನ್ನನ್ನು ಕೇಳದೆ ಹತ್ತಿ ತುರುಕಿತ್ತು,
ಕಲಂ ಆರರ ಕೆಳಗೆ ಸಹಿ ಮಾಡಿದ ಅದೇ ಕೈ.

ಕತ್ತಲಲ್ಲಿ ಮುಚ್ಚಳ ತಿರುಗಿಸಿದೆ.
ಪಕ್ಕದಲ್ಲಿ ಶಾಲೆಯ ಸಮವಸ್ತ್ರದ ಹುಡುಗಿ,
ತೂಕಡಿಸಿ ನನ್ನ ಭುಜಕ್ಕೆ ತಲೆಯಿಟ್ಟವಳು.
ಅರ್ಧ ಹತ್ತಿ ತೆಗೆದೆ. ಅರ್ಧವೇ.
ಮುಂದಿನ ಗುಂಡಿಗೆ
ಎರಡೋ ಮೂರೋ ಮಾತ್ರೆ ಅಲುಗಿದವು,
ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ.