ಒತ್ತಕ್ಷರ

ಬುಧವಾರದ ಕೂಟ ಜೀವರತ್ನಮ್ಮನ ಮನೆಯಲ್ಲಿ.
ಲಿಂಗರಾಜಪುರದ ಮೇಲ್ಸೇತುವೆಯ ಮಗ್ಗುಲಿಗೆ
ಒಂದೂವರೆ ಕೋಣೆ, ಆರು ಪ್ಲಾಸ್ಟಿಕ್ ಕುರ್ಚಿ,
ಏಳನೆಯವರು ಬಂದರೆ ಖಾಲಿ ಸಿಲಿಂಡರಿನ ಮೇಲೆ ದಿಂಬು.
ರೈಲು ಹಾದಾಗ ಪ್ರಾರ್ಥನೆ ನಿಲ್ಲಿಸುತ್ತೇವೆ.
ದೇವರಿಗೆ ಕೇಳಿಸದೆಂದಲ್ಲ,
ನಮಗೆ ನಾವೇ ಕೇಳಿಸುವುದಿಲ್ಲ.

ಡ್ಯೂಟಿ ಮುಗಿಸಿ ಖಾಕಿಯಲ್ಲೇ ಹೋಗುತ್ತೇನೆ ನಾನು,
ಹೆಗಲಲ್ಲಿ ಚೀಲದ ಪಟ್ಟಿಯ ಗುರುತು,
ಬೆರಳಲ್ಲಿ ಚಿಲ್ಲರೆಯ ವಾಸನೆ.
ಅರವತ್ತೆಂಟರ ಮುದುಕಿಗೆ ಓದು ಕಲಿಸುವ ಕೆಲಸ ನನ್ನದು.
ಬಸ್ಸಿನ ಬೋರ್ಡುಗಳಿಂದ ಶುರು ಮಾಡಿದ್ದೆವು:
ಹೆಣ್ಣೂರು, ಬಾಣಸವಾಡಿ, ಶಿವಾಜಿನಗರ.
ಆಮೇಲೆ ಪುಸ್ತಕ. ವಾರಕ್ಕೆ ಒಂದೇ ವಚನ.
ಸಾಲಿನಡಿ ನಿಧಾನ ಹರಿಯುವ ಆ ತೋರುಬೆರಳು
ಅಕ್ಕಿಯಲ್ಲಿ ಕಲ್ಲು ಹುಡುಕಿದ್ದು,
ನಲವತ್ತು ವರ್ಷ ಬೇರೆಯವರ ಪಾತ್ರೆ ತಿಕ್ಕಿ
ರೇಖೆ ಸವೆದದ್ದು,
ರೇಷನ್ ಅಂಗಡಿಯ ಯಂತ್ರ
ನಿನ್ನ ಗುರುತಿಲ್ಲ ಎಂದದ್ದು.

ಅವತ್ತು ಬೆರಳು ನಿಂತಿತು, 'ಕ್ಷಮಿಸು' ಎಂಬಲ್ಲಿ.
"ಕಮಿಸು," ಅಂದಳು. "ಚಮಿಸು."
"ಕ್ಷ," ಅಂದೆ. "ಒತ್ತಿ ಹೇಳಬೇಕು."
"ಇದೇನೇ, ಕೆಳಗೊಂದು ಬಗ್ಗಿ ಕೂತಿದೆ?"
"ಒತ್ತಕ್ಷರ."
"ಮೇಲಿನದು ಅದನ್ನ ಅಮುಕಿದೆಯೋ,
ಅದೇ ಮೇಲಿನದನ್ನ ಹೊತ್ತಿದೆಯೋ?"

ಉತ್ತರ ಬರಲಿಲ್ಲ ನನಗೆ.
ರೈಲು ಬಂತು. ಸದ್ಯ, ಎಂದುಕೊಂಡೆ.

ನನ್ನ ನೋಟ್‌ಬುಕ್ಕಿನಲ್ಲಿ ಪ್ರಾರ್ಥನೆಯ ಪಟ್ಟಿಯಿದೆ,
ಟ್ರಿಪ್ ಶೀಟಿನ ಹಾಗೆ ಗೆರೆ ಎಳೆದು:
ಡ್ರೈವರ್ ಚನ್ನರಾಯಪ್ಪನ ಬೆನ್ನುನೋವು,
ಮನೆ ಓನರು ಕೇಳಿದ ಹೆಚ್ಚಿನ ಅಡ್ವಾನ್ಸು,
ಮಗಳ ಗಣಿತ, ಡಿಪೋ ಮ್ಯಾನೇಜರಿಗೆ ಮೆತ್ತಗಿನ ಮನಸ್ಸು.
ಏಳನೆಯ ಸಾಲು ಖಾಲಿ.
ಮೂರು ವರ್ಷದಿಂದ ಪುಟ ತಿರುವಿದಾಗೆಲ್ಲ ಖಾಲಿ ಬಿಟ್ಟೇ ಬರೆದಿದ್ದೇನೆ.
ಅಲ್ಲಿ ಸುಗಂಧಿ ಇರಬೇಕಿತ್ತು, ನನ್ನ ತಂಗಿ.
ಅಮ್ಮನ ಪೆಟ್ಟಿಗೆಯ ದುಡ್ಡು ನಾನೊಬ್ಬಳೇ ತೆತ್ತೆನೆಂದು
ಕಲ್ಪಳ್ಳಿಯ ಗೇಟಿನಲ್ಲಿ, ಹೂವಿನ್ನೂ ಬಾಡದ ಹೊತ್ತಲ್ಲಿ,
ಎಲ್ಲರೆದುರು ನಾನಾಡಿದ ಮಾತು.
ಲೆಕ್ಕದಲ್ಲಿ ನಾನೇ ಸರಿ.
ಲೆಕ್ಕದಲ್ಲಿ ಯಾವತ್ತೂ ನಾನೇ ಸರಿ,
ರಾತ್ರಿ ಡಿಪೋದ ಕೌಂಟರಿನಲ್ಲಿ
ಒಂದು ರೂಪಾಯಿ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಶುಕ್ರವಾರ ಬೆಳಗಿನ ಟ್ರಿಪ್ಪು. ಹೆಣ್ಣೂರು ಕ್ರಾಸಿನಲ್ಲಿ
ಮುಂದಿನ ಬಾಗಿಲಿಂದ ಹತ್ತಿದಳು.
ಬೈತಲೆಯಲ್ಲಿ ಬಿಳಿ. ಚೀಲವನ್ನು
ಅಮ್ಮನ ಹಾಗೇ ಎದೆಗೆ ಅವುಚಿಕೊಂಡು
"ಶಿವಾಜಿನಗರ," ಎಂದಳು, ಕಿಟಕಿಗೆ.

ಹೆಂಗಸರಿಗೆ ಟಿಕೆಟ್ಟು ಸೊನ್ನೆ ರೂಪಾಯಿ.
ದಿನಕ್ಕೆ ನಾನೂರು ಸೊನ್ನೆ ಹರಿದು ಕೊಡುತ್ತೇನೆ,
ಒಂದರ ಅರ್ಥವನ್ನೂ ಕೇಳಿದವಳಲ್ಲ.
ದುಡ್ಡಿಲ್ಲ, ಸರಿ. ಆದರೂ ಯಂತ್ರ ಅಚ್ಚು ಹಾಕಬೇಕು,
ಒಬ್ಬಳು ಕೊಡಬೇಕು, ಒಬ್ಬಳು ಕೈ ಚಾಚಬೇಕು,
ಇಲ್ಲದಿದ್ದರೆ ಇಬ್ಬರಿಗೂ ದಂಡ.

ಹರಿದೆ. ಕೊಟ್ಟೆ.
ಸಿಗ್ನಲ್ಲಿನಲ್ಲಿ ಬಸ್ಸು ಜಗ್ಗಿದಾಗ
ಕಂಬಿಗೆಂದು ಚಾಚಿದ ಅವಳ ಕೈ
ನನ್ನ ಚೀಲದ ಪಟ್ಟಿ ಹಿಡಿಯಿತು.
ಕೋಲ್ಸ್ ಪಾರ್ಕು ದಾಟುವವರೆಗೂ ಬಿಡಲಿಲ್ಲ.
ಇಳಿಯುವಾಗ, "ಮಗಳು ಎಷ್ಟನೇ ಕ್ಲಾಸು?"
"ಎಂಟು."
ಅಷ್ಟೇ. ಕೂಟದಲ್ಲಿ ಎದ್ದುನಿಂತು
ಸಾಕ್ಷಿ ಹೇಳುವಷ್ಟೇನೂ ಅಲ್ಲ.

ಈ ಬುಧವಾರವೂ ಜೀವರತ್ನಮ್ಮ 'ಚಮಿಸು' ಎಂದೇ ಓದಿದಳು.
ನಾನು ತಿದ್ದಲಿಲ್ಲ.
ನೋಟ್‌ಬುಕ್ ತೆರೆದು ಏಳನೆಯ ಸಾಲಿನಲ್ಲಿ
ತಂಗಿಯ ಹೆಸರು ಬರೆದೆ,
ಅದರಡಿಗೆ, ಒತ್ತಿನ ಹಾಗೆ ಸಣ್ಣದಾಗಿ, ನನ್ನದು.
ಯಾರು ಯಾರನ್ನು ಹೊತ್ತಿದ್ದಾರೋ.
ಹೊರಗೆ ರೈಲು ಹೋಗುತ್ತಲೇ ಇತ್ತು,
ಉದ್ದದ ಗೂಡ್ಸು,
ಯಾರೂ ಇನ್ನೂ ಆಮೆನ್ ಅಂದಿರಲಿಲ್ಲ.